ಬಣ್ಣವನ್ನು ಕೊನೆಗೆ ನೋಡು

ಪುಟ್ಟೀ, ಜೂನ್ ತಿಂಗಳಲ್ಲೇ ಗಢವಾಲ ಹಿಮಾಲಯದ ಹೂಗಳ ಕಣಿವೆಗೆ ಹೊರಟಿದ್ದೀಯ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಜಾಣೆ. ನಮ್ಮ ಕಡೆಯಿಂದ ಹೋಗುವವರು ಹೆಚ್ಚಾಗಿ ಜುಲೈ ಕೊನೆಗೋ ಆಗಸ್ಟಿಗೋ ಟಿಕೆಟ್ ಮಾಡಿಸುತ್ತಾರೆ. ಆಗ ಕಣಿವೆ ತುಂಬ ಹೂ ಎಂಬುದು ಸುಳ್ಳಲ್ಲ. ಆದರೆ ನೀನು ಹುಡುಕಿಕೊಂಡು ಹೊರಟಿರುವ ಪ್ರಿಮುಲಾ ಆ ಹೊತ್ತಿಗೆ ಬಹುಮಟ್ಟಿಗೆ ಹೂ ಮುಗಿಸಿ ಕಾಯಿ ಕಟ್ಟಿಕೊಂಡಿರುತ್ತದೆ. ಹಿಮ ಕರಗಿ ಕಪ್ಪು ನೆಲ ಕಾಣಿಸುತ್ತಿದ್ದ ಹಾಗೇ ತಲೆ ಎತ್ತುವ ಗಿಡ ಅದು. ಮಳೆಗಾಲದ ಆಳೆತ್ತರದ ಗಿಡಗಳು ಮೇಲೇಳುವ ಮೊದಲೇ ತನ್ನ ಕೆಲಸ ಮುಗಿಸಿಬಿಡುತ್ತದೆ. ಕಣಿವೆ ಇರುವ ರಾಷ್ಟ್ರೀಯ ಉದ್ಯಾನದ ಬಾಗಿಲು ವರ್ಷವೂ ಜೂನ್ 1ಕ್ಕೆ ತೆರೆಯುತ್ತದೆ. ಆ ಮೊದಲ ವಾರಗಳಲ್ಲಿ ದಾರಿಯಲ್ಲಿ ಅಲ್ಲಲ್ಲಿ ಹಿಮದ ರಾಶಿ ಉಳಿದಿರುತ್ತದೆ, ಜೊತೆಗೆ ಬಂದವರು "ಎಲ್ಲಿ ಹೂವು?" ಎಂದು ಗೊಣಗುತ್ತಾರೆ. ಗೊಣಗಲಿ ಬಿಡು. ನಿನ್ನ ಗಿಡ ಆ ಹಿಮದ ಅಂಚಿನಲ್ಲೇ ಇರುತ್ತದೆ.

ಹೆಸರು ಪತ್ತೆ ಮಾಡಲು ಯಾವ ಆ್ಯಪ್ ಒಳ್ಳೆಯದು ಮಾವ ಎಂದು ಕೇಳಿದ್ದೆ. ಆ್ಯಪ್ ಬೇಡ ಎನ್ನುವಷ್ಟು ಹಳಬ ನಾನಲ್ಲ. ಆದರೆ ಅದಕ್ಕೆ ನೀನು ಕೊಡುವುದು ಹೂವಿನ ಮುಖದ ಒಂದು ಫೋಟೊ, ಅದು ಹೇಳುವುದು ಆ ಮುಖಕ್ಕೆ ಹೋಲುವ ಒಂದು ಹೆಸರು. ಪ್ರಿಮುಲಾ ಕುಲದಲ್ಲಿ ಜಗತ್ತಿನಲ್ಲಿ ನಾನೂರಕ್ಕೂ ಹೆಚ್ಚು ಜಾತಿಗಳಿವೆ. ಅರ್ಧಕ್ಕಿಂತ ಹೆಚ್ಚಿನವು ಹಿಮಾಲಯ ಮತ್ತು ಅದಕ್ಕೆ ಅಂಟಿಕೊಂಡ ಚೀನಾದ ಬೆಟ್ಟಗಳಲ್ಲೇ ಇವೆ. ಅವುಗಳಲ್ಲಿ ಎಷ್ಟೋ ಜಾತಿಗಳ ಮುಖ ಒಂದೇ: ಐದು ಎಸಳು, ನಡುವೆ ಒಂದು ಚುಕ್ಕಿ, ನೇರಳೆಯ ಯಾವುದೋ ಒಂದು ಛಾಯೆ. ಆ್ಯಪ್ ಒಮ್ಮೆ ಯುರೋಪಿನ ತೋಟದ ಜಾತಿ ಎನ್ನುತ್ತದೆ, ಇನ್ನೊಮ್ಮೆ ಅಮೆರಿಕದ ರಾಕಿ ಪರ್ವತದ ಪ್ರಿಮುಲಾ ಪ್ಯಾರಿಯೈ ಎನ್ನುತ್ತದೆ. ಎರಡೂ ಆ ಕಣಿವೆಯಲ್ಲಿ ಹುಟ್ಟುವ ಗಿಡಗಳಲ್ಲ.

ಅದಕ್ಕೇ ನಿನಗೆ ನಾನು ಹೇಳುವುದು ಒಂದೇ ಮಾತು. ಬಣ್ಣವನ್ನು ಕಟ್ಟಕಡೆಗೆ ನೋಡು. ಮೊದಲು ಗಿಡ ಯಾವ ಬಗೆಯ ನೀರಿನಲ್ಲಿ ನಿಂತಿದೆ ಎಂದು ನೋಡು. ಆಮೇಲೆ ಮಂಡಿಯೂರಿ ಎಲೆಯ ಬೆನ್ನು ನೋಡು. ಆಮೇಲೆ ಹೂವಿನಡಿಯ ಹಸಿರು ಬಟ್ಟಲು. ಇಷ್ಟು ಆದ ಮೇಲೆ ಹೂವು ನೀಲಿಯೋ ಗುಲಾಬಿಯೋ ಎಂದು ಬರೆದುಕೋ. ಬಣ್ಣ ನಂಬಿಕೆಗೆ ಅರ್ಹವಲ್ಲ ಎನ್ನಲು ಕಾರಣವಿದೆ. ಒಂದೇ ಜಾತಿಯ ಹೂ ಅರಳಿದ ದಿನ ಒಂದು ಬಣ್ಣ, ಬಾಡುವ ದಿನ ಇನ್ನೊಂದು. ಕೆನ್ನೇರಳೆ ಬಣ್ಣವನ್ನು ಫೋನಿನ ಕ್ಯಾಮೆರಾ ಸುಲಭವಾಗಿ ನೀಲಿ ಮಾಡಿಬಿಡುತ್ತದೆ. ಮಂಜು ಕವಿದ ಬೆಳಿಗ್ಗೆ ತೆಗೆದ ಫೋಟೊ, ಬಿಸಿಲಿಗೆ ತೆಗೆದ ಫೋಟೊ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಗಿಡ ಎಂದು ನೀನೇ ನಂಬುವುದಿಲ್ಲ.

ಮೊದಲು ಅದು ಪ್ರಿಮುಲಾ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗಬೇಕಲ್ಲ. ಅದು ಕಷ್ಟವಿಲ್ಲ. ಎಲೆಗಳೆಲ್ಲ ನೆಲದಲ್ಲೇ ಸುತ್ತಲೂ ಹರಡಿರಬೇಕು, ನಡುವಿನಿಂದ ಎಲೆಯೇ ಇಲ್ಲದ ಬರಿಯ ಹೂದಂಟು ಎದ್ದಿರಬೇಕು. ಎಸಳುಗಳು ಐದು, ಬುಡದಲ್ಲಿ ಕೂಡಿ ಕೊಳವೆಯಾಗಿರಬೇಕು. ಇನ್ನೂ ಒಂದು ಗಟ್ಟಿ ಗುರುತು ಭೂತಗನ್ನಡಿಯಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಹೂಗಳಲ್ಲಿ ಕೇಸರಗಳು ಎರಡು ಎಸಳುಗಳ ನಡುವಿನ ಸಂದಿಗೆ ಎದುರಾಗಿ ನಿಲ್ಲುತ್ತವೆ. ಪ್ರಿಮುಲಾದಲ್ಲಿ ಐದು ಕೇಸರಗಳೂ ಒಂದೊಂದು ಎಸಳಿನ ನೇರಕ್ಕೇ ನಿಂತಿರುತ್ತವೆ. ಇದು ಕುಟುಂಬದ ಗುರುತು. ನಮ್ಮ ಘಟ್ಟದಲ್ಲಿ ಕಾಡು ಪ್ರಿಮುಲಾ ಇಲ್ಲ, ಆದರೆ ಅದರ ನೆಂಟರಿದ್ದಾರೆ. ನಿಮ್ಮಜ್ಜ ಜಂತುಹುಳದ ಔಷಧಿಗೆ ತರಿಸುತ್ತಿದ್ದ ವಾಯುವಿಳಂಗ ಈಗಿನ ವರ್ಗೀಕರಣದಲ್ಲಿ ಇದೇ ಕುಟುಂಬದ್ದು. ನೀಲಗಿರಿಯ ಜೌಗಿನಲ್ಲಿ ಕೆಂಪು ಹೂ ಬಿಡುವ ಲೈಸಿಮಾಕಿಯಾ ಕೂಡ. ಅಲ್ಲೆಲ್ಲ ಕೇಸರ ಎಸಳಿನ ನೇರಕ್ಕೇ ಇರುವುದನ್ನು ನೋಡಬಹುದು.

ಮೋಸ ಮಾಡುವ ಗಿಡಗಳು ನಾಲ್ಕಾರು ಇವೆ. ಅದೇ ಕೆಸರಿನಲ್ಲಿ ಕ್ಯಾಲ್ಥಾ ಎಂಬ ಗಿಡ ಹಳದಿ ಇಲ್ಲವೆ ಬಿಳಿ ಹೂ ಬಿಟ್ಟು ನಿಂತಿರುತ್ತದೆ. ದೂರದಿಂದ ಕಂಡರೆ ಇದೇ ಎನಿಸುತ್ತದೆ. ಹತ್ತಿರ ಹೋದರೆ ಎಸಳುಗಳು ಬಿಡಿಬಿಡಿ, ನಡುವೆ ಲೆಕ್ಕವಿಲ್ಲದಷ್ಟು ಕೇಸರ. ಪೆಡಿಕ್ಯುಲಾರಿಸ್‌ನ ಹೂವಿಗೆ ಮೇಲೊಂದು ಕೆಳಗೊಂದು ತುಟಿ, ಎಲೆ ಜರಿಗಿಡದ ಎಲೆಯ ಹಾಗೆ ಸೀಳು ಸೀಳು. ಜೆಂಷಿಯನ್‌ಗೆ ದಂಟಿನ ಮೇಲೂ ಎದುರುಬದುರು ಎಲೆಗಳಿರುತ್ತವೆ, ಎಸಳು ಎಸಳಿನ ನಡುವೆ ಮಡಿಕೆ ಇರುತ್ತದೆ. ನಿಜವಾಗಿ ಗೊಂದಲ ಮಾಡುವುದು ಪ್ರಿಮುಲಾದ ತಂಗಿ ಎನ್ನಬಹುದಾದ ಆಂಡ್ರೊಸೇಸ್. ಅದರಲ್ಲೂ ಎಲೆ ನೆಲದಲ್ಲೇ, ಗೊಂಚಲು ದಂಟಿನ ತುದಿಯಲ್ಲೇ. ಅದರ ಹೂ ಚಿಕ್ಕದು, ಕೊಳವೆ ಗಿಡ್ಡ, ಬಾಯಿ ಬಿಗಿದುಕೊಂಡಿರುತ್ತದೆ. ಕೊಳವೆ ಹಸಿರು ಬಟ್ಟಲಿನಾಚೆ ಚೆನ್ನಾಗಿ ಹೊರಬಂದಿದ್ದರೆ ಪ್ರಿಮುಲಾ, ಒಳಗೇ ಅಡಗಿದ್ದರೆ ಆಂಡ್ರೊಸೇಸ್ ಎಂದುಕೋ. ಸಾಮಾನ್ಯವಾಗಿ ತಪ್ಪುವುದಿಲ್ಲ.

ಇನ್ನು ನೀರಿನ ಮಾತು. ಜೌಗು ಎಂದರೆ ಒಂದೇ ಬಗೆಯದಲ್ಲ ಎಂಬುದನ್ನು ಮಲೆನಾಡಿನ ಹುಡುಗಿಗೆ ನಾನು ಹೇಳಿಕೊಡಬೇಕಿಲ್ಲ. ಹಡ್ಲಿನ ನಡುವೆ ನೀರು ನಿಂತಲ್ಲಿ ಬೆಳೆಯುವ ಹುಲ್ಲು ಬೇರೆ, ಅಂಚಿನಲ್ಲಿ ಒರತೆ ಒಸರುವಲ್ಲಿ ಬೆಳೆಯುವುದು ಬೇರೆ, ತೋಡಿನ ದಂಡೆಯದು ಬೇರೆ. ಮೂರೂವರೆ ಸಾವಿರ ಮೀಟರ್ ಮೇಲೂ ಹಾಗೇ. ನೀರು ಹರಿಯುತ್ತಿದೆಯೋ ನಿಂತಿದೆಯೋ, ಹಿಮದಿಂದ ನೇರ ಬರುತ್ತಿದೆಯೋ, ಬಂಡೆಯಿಂದ ತೊಟ್ಟಿಕ್ಕುತ್ತಿದೆಯೋ ಎಂಬುದನ್ನು ಬರೆದುಕೊಂಡರೆ ಪಟ್ಟಿಯ ಅರ್ಧ ಹೆಸರು ತಾನಾಗಿ ಹಾರಿಹೋಗುತ್ತದೆ.

ಬುಗ್ಯಾಲ್ ಎಂದು ಗಢವಾಲದವರು ಕರೆಯುವ ಎತ್ತರದ ಹುಲ್ಲುಗಾವಲಿನಲ್ಲಿ ಸಮತಟ್ಟಾದ ಕಡೆ ನೀರು ಮೆಲ್ಲಗೆ ಸರಿಯುತ್ತ, ಕಾಲಿಟ್ಟರೆ ಪಚಕ್ಕೆನ್ನುವ ಜಾಗ ಇರುತ್ತದೆ. ಅಲ್ಲಿ ಜೊಂಡಿನಂಥ ಹುಲ್ಲಿನ ನಡುವೆ ಬಿಳಿ ಹೂ, ಹಳದಿ ಕಣ್ಣು, ಒಂದು ದಂಟಿಗೆ ಎರಡೋ ಆರೋ ಹೂ ಕಂಡರೆ ಅದು ಪ್ರಿಮುಲಾ ಇನ್ವೊಲ್ಯುಕ್ರೇಟಾ ಇರಬಹುದು. ಈಗ ಕೆಲವರು ಅದನ್ನು ಪ್ರಿಮುಲಾ ಮುನ್ರೋಯಿ ಎಂದೂ ಬರೆಯುತ್ತಾರೆ. ಎಲೆ ಪುಟ್ಟದು, ನುಣುಪು, ಉದ್ದ ತೊಟ್ಟಿನದು. ಬೆನ್ನಿನಲ್ಲಿ ಹಿಟ್ಟಿನಂಥ ಪುಡಿ ಇರುವುದಿಲ್ಲ. ಖಾತ್ರಿ ಬೇಕೆಂದರೆ ಗೊಂಚಲಿನ ಬುಡದಲ್ಲಿರುವ ಪುಟ್ಟ ಎಲೆಗಳನ್ನು ನೋಡು. ಅವು ದಂಟಿಗೆ ಅಂಟಿದ ಜಾಗದಿಂದ ಕೆಳಮುಖವಾಗಿಯೂ ಒಂದು ಬಾಲ ಇಳಿಬಿಟ್ಟಿರುತ್ತವೆ. ಆ ಬಾಲ ಕಂಡರೆ ಆಯಿತು, ಬೇರೆ ಸಾಕ್ಷಿ ಬೇಡ. ನನಗೆ ಕೇಳಿದರೆ ಈ ಗಿಡದಷ್ಟು ಸಭ್ಯ ಗಿಡ ಇನ್ನೊಂದಿಲ್ಲ. ತನ್ನ ಗುರುತಿನ ಚೀಟಿಯನ್ನು ಎದುರಿಗೇ ಹಿಡಿದುಕೊಂಡು ನಿಂತಿರುತ್ತದೆ.

ಅಲ್ಲಿಂದ ಮೇಲೆ, ಹಿಮ ತಡವಾಗಿ ಕರಗುವ ಕಲ್ಲುಗುಂಡಿನ ಓಣಿಗಳಲ್ಲಿ, ನೀರಿನ ಜಾಡು ಹಿಡಿದು ಹೋದರೆ ಪ್ರಿಮುಲಾ ಮ್ಯಾಕ್ರೊಫಿಲ್ಲಾ ಸಿಗುತ್ತದೆ. ಇದು ಸುಮಾರು 3300 ಮೀಟರಿನಿಂದ 4800 ಮೀಟರ್‌ವರೆಗೆ ಹತ್ತುವ ಗಟ್ಟಿಗಿತ್ತಿ. ಎಲೆ ನೀಳ, ನೆಟ್ಟಗೆ ನಿಂತದ್ದು, ಬುಡದಲ್ಲಿ ದಪ್ಪ ಹೊದಿಕೆ. ಹೂ ನೇರಳೆ, ಕಣ್ಣು ಹೆಚ್ಚಾಗಿ ಕಪ್ಪೆನ್ನುವಷ್ಟು ಗಾಢ. ಎಲೆ ತಿರುಗಿಸಿದರೆ ಬೆನ್ನಿನ ತುಂಬ ಬಿಳಿ ಹಿಟ್ಟು. ಕಾಯಿ ಕಟ್ಟಿದ ಮೇಲೂ ಇದನ್ನು ಗುರುತಿಸಬಹುದು. ಕಾಯಿ ಉರುಟುರುಟಾಗಿರದೆ ಕೊಳವೆಯ ಹಾಗೆ ನೀಳವಾಗಿ ಬಟ್ಟಲು ದಾಟಿ ಹೊರಗೆ ಚಾಚಿರುತ್ತದೆ.

ಇನ್ನು ಎಲ್ಲರಿಗೂ ಸಿಗುವ, ಎಲ್ಲರೂ ಫೋಟೊ ತೆಗೆಯುವ ಪ್ರಿಮುಲಾ ಡೆಂಟಿಕ್ಯುಲೇಟಾ. ದಂಟಿನ ತುದಿಗೆ ಚೆಂಡಿನಂತೆ ಒತ್ತೊತ್ತಾದ ನಸುನೇರಳೆ ಹೂ, ಹಳದಿ ಕಣ್ಣು, ಸೀಳು ತುದಿಯ ಎಸಳು. ಆಫ್ಘಾನಿಸ್ತಾನದಿಂದ ಮ್ಯಾನ್ಮಾರ್‌ವರೆಗೆ ಹರಡಿದೆ, ಕೆಳಗೆ 1500 ಮೀಟರಿನಿಂದ ಮೇಲೆ 4500 ಮೀಟರಿನವರೆಗೂ ಇದೆ. ನಿಂತ ನೀರು ಇದಕ್ಕೆ ಬೇಡ; ಹುಲ್ಲಿನ ಇಳಿಜಾರು, ಒದ್ದೆ ಮಣ್ಣು ಸಾಕು. ಇದು ಸುಲಭ ಎಂದು ಹೇಳಿಕೊಂಡು ತಿರುಗುವವರು ಒಂದು ಸಂಗತಿ ಮರೆಯುತ್ತಾರೆ. ಇದೇ ಗಿಡ ವಸಂತದಲ್ಲಿ ಹೂ ಬಿಡುವಾಗ ಎಲೆ ಇನ್ನೂ ಗಿಡ್ಡ, ಸುರುಟಿದ್ದು. ದಂಟು ಬೆರಳುದ್ದವೂ ಇಲ್ಲ. ಆರು ವಾರ ಬಿಟ್ಟು ಹೋದರೆ ಎಲೆ ಮೊಳದತ್ತ ಬೆಳೆದಿರುತ್ತದೆ, ದಂಟು ಅದಕ್ಕೂ ಎತ್ತರ. ಎರಡೂ ಒಂದೇ ಗಿಡ ಎಂದು ಫೋಟೊ ನೋಡಿದವರು ಹೇಳಲಾರರು. ಅದಕ್ಕೇ ತಾರೀಕು ಬರೆಯದ ಟಿಪ್ಪಣಿಗೆ ಬೆಲೆಯಿಲ್ಲ.

ತಾರೀಕಿನ ಮಹಿಮೆ ಇನ್ನೂ ಚೆನ್ನಾಗಿ ತಿಳಿಯಬೇಕಾದರೆ ಸಿಕ್ಕಿಮಿಗೆ ಹೋಗಬೇಕು. ಅಲ್ಲಿ ಆಗಸ್ಟ್ ಸೆಪ್ಟೆಂಬರಿನಲ್ಲಿ ಚೆಂಡುಹೂ ಕಂಡರೆ ಅದು ಡೆಂಟಿಕ್ಯುಲೇಟಾ ಆಗಿರುವುದು ಕಡಿಮೆ. ತಲೆ ತುಸು ಚಪ್ಪಟೆಯಾಗಿ, ಹೊರಸುತ್ತಿನ ಹೂಗಳು ಅರಳಿ ಕೆಳಗೆ ಬಾಗಿ, ನಡುವೆ ಮೊಗ್ಗು ಉಳಿದು, ದಂಟು ಎಲೆಬೆನ್ನು ಎಲ್ಲ ಬೆಳ್ಳಗಿದ್ದರೆ ಕ್ಯಾಪಿಟೇಟಾ. ತಲೆ ಉರುಟಾಗಿದ್ದರೆ ಗ್ಲೊಮೆರೇಟಾ ಇರಬಹುದೇ ಎಂದು ನೋಡಬೇಕು. ಹೂವಿನ ಆಕಾರ ಕಂಡು ತಕ್ಷಣ ಹೆಸರು ಒದರುವವರು ಬೀಳುವುದು ಇಲ್ಲೇ.

ಬಂಡೆ ಸಂದಿಯಲ್ಲಿ ನೀರು ತೊಟ್ಟಿಕ್ಕುವ ನೆರಳಿನಲ್ಲಿ ಬಿಳಿ, ಜೋಲುವ, ಪರಿಮಳದ ಹೂ ಸಿಕ್ಕಿದರೆ ಪ್ರಿಮುಲಾ ರೈಡಿಯೈ. ಸಿಕ್ಕಿದರೆ ಅದೃಷ್ಟ, ಸಿಗದಿದ್ದರೆ ಬೇಸರ ಬೇಡ. ಆ ಬಂಡೆಗಳನ್ನು ಮಾತ್ರ ಹತ್ತಬೇಡ. ಉಜ್ವಲ ಗುಲಾಬಿ ಬಣ್ಣದ ಪ್ರಿಮುಲಾ ರೋಸಿಯಾ ನೋಡಬೇಕೆಂಬ ಆಸೆಯಿದ್ದರೆ ಇನ್ನೊಂದು ವರ್ಷ ಕಾಶ್ಮೀರದ ಕಡೆ ಹೊರಡು. ಗುಲ್ಮಾರ್ಗ್‌ನಲ್ಲಿ ಹಿಮ ಸರಿದು ನೀರು ಹರಡಿಕೊಂಡ ಜಾಗದಲ್ಲಿ ಅದು ಎಲೆ ಪೂರ್ತಿ ಬಿಚ್ಚುವ ಮೊದಲೇ ಹೂ ಬಿಟ್ಟು ಕೂತಿರುತ್ತದೆ. ಹಿಟ್ಟು ಅದಕ್ಕೂ ಇಲ್ಲ.

ಹಿಟ್ಟು ಹಿಟ್ಟು ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದೇನೆಂದು ಹೇಳಿಬಿಡುತ್ತೇನೆ. ಹಲವು ಪ್ರಿಮುಲಾಗಳ ಎಳೆ ಎಲೆ, ದಂಟು, ಬಟ್ಟಲಿನ ಮೇಲೆ ಬಿಳಿಯೋ ಹಳದಿಯೋ ಪುಡಿ ಇರುತ್ತದೆ. ಅಕ್ಕಿರೊಟ್ಟಿ ತಟ್ಟಿ ಎದ್ದ ಕೈಯ ಹಾಗೆ ಕಾಣುತ್ತದೆ. ಗಿಡದ ಮೈಮೇಲಿನ ಸೂಕ್ಷ್ಮ ರೋಮಗಳ ತುದಿಯ ಗ್ರಂಥಿಗಳು ಅದನ್ನು ಸ್ರವಿಸುತ್ತವೆ, ಅದರ ಮುಖ್ಯ ಅಂಶ ಫ್ಲೇವೋನ್ ಎಂಬ ಬಗೆಯ ರಾಸಾಯನಿಕ. ಹಿಟ್ಟು ಇದೆಯೇ, ಇದ್ದರೆ ಎಲ್ಲಿದೆ, ಬಿಳಿಯೋ ಹಳದಿಯೋ ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡೆಯಾದರೆ ಪುಸ್ತಕದ ಕೀಲಿಕೈ ನಿನ್ನ ಕೈಯಲ್ಲಿದ್ದ ಹಾಗೆ. ಆದರೆ ಮಳೆಗೆ ಅದು ತೊಳೆದುಹೋಗುತ್ತದೆ, ಬೆರಳು ತಾಗಿದರೆ ಅಳಿಸುತ್ತದೆ. ಎಲೆಯ ಮೇಲ್ಭಾಗ ನೋಡಿ ಹಿಟ್ಟಿಲ್ಲ ಎಂದು ಬರೆಯಬೇಡ. ಗುಂಪಿನಲ್ಲಿ ಎಲ್ಲಕ್ಕಿಂತ ಎಳೆಯ ಎಲೆಯ ಬೆನ್ನು ನೋಡು, ಬಟ್ಟಲಿನ ಒಳಮೈ ನೋಡು. ಮಳೆ ಅಲ್ಲಿಗೆ ಮುಟ್ಟಿರುವುದಿಲ್ಲ.

ಎಲೆಯ ಬೆನ್ನಿನ ಉಪಯೋಗಕ್ಕೆ ಒಂದೇ ಉದಾಹರಣೆ ಸಾಕು. ಹಳದಿ ಪ್ರಿಮುಲಾ ಕಂಡ ಕೂಡಲೇ ನಿನ್ನ ಜೊತೆಯ ಹುಡುಗರು "ಸಿಕ್ಕಿಮೆನ್ಸಿಸ್" ಎಂದು ಕೂಗುತ್ತಾರೆ, ಏಕೆಂದರೆ ಇಂಟರ್‌ನೆಟ್ಟಿನ ತುಂಬ ಅದೇ ಫೋಟೊ. ಪ್ರಿಮುಲಾ ಸಿಕ್ಕಿಮೆನ್ಸಿಸ್ ಪಶ್ಚಿಮ ನೇಪಾಳದಿಂದ ಪೂರ್ವಕ್ಕೆ ಚೀನಾದವರೆಗಿನ ಗಿಡ. ಜೋಸೆಫ್ ಹೂಕರ್ 1848ರಿಂದ 1850ರವರೆಗೆ ಸಿಕ್ಕಿಮ್ ಸೀಮೆಯಲ್ಲಿ ಅಲೆದು ಅದನ್ನು ಹೊರಜಗತ್ತಿಗೆ ತಿಳಿಸಿದ. ಯುಮ್‌ಥಾಂಗ್‌ನಂಥ ಕಣಿವೆಗಳಲ್ಲಿ ತೊರೆಯ ಪಕ್ಕಕ್ಕೆ ಸಾಲುಗಟ್ಟಿ ನಿಲ್ಲುತ್ತದೆ. ಹೂಗಳು ಗಂಟೆಯ ಹಾಗೆ ತಲೆ ತಗ್ಗಿಸಿ ಜೋಲುತ್ತವೆ, ಪರಿಮಳ ಉಂಟು. ಬಟ್ಟಲಿಗೆ ಹಿಟ್ಟು ಮೆತ್ತಿರುತ್ತದೆ, ಎಲೆಯ ಬೆನ್ನಿಗಿರುವುದಿಲ್ಲ. ಗಢವಾಲದಲ್ಲಿ ನಿನಗೆ ಸಿಗಬಹುದಾದ ಹಳದಿ ಪ್ರಿಮುಲಾ ಸ್ಟುವರ್ಟಿಯೈ. ಎಲೆ ತಿರುಗಿಸು, ಬೆನ್ನಿನ ಮೇಲೆ ದಟ್ಟವಾಗಿ ಹಿಟ್ಟು. ಹೂ ಗಂಟೆಯಂತೆ ಮುಚ್ಚಿಕೊಂಡಿಲ್ಲ, ಎಸಳು ಅಗಲಿಸಿ ಹರಡಿದೆ. ಹಳದಿ ಎಂಬ ಬಣ್ಣ ಎರಡಕ್ಕೂ ಒಂದೇ. ಬೇರೆ ಮಾಡಿದ್ದು ಎಲೆಯ ಬೆನ್ನು.

ಇನ್ನೊಂದು ಗುರುತು ಪುಸ್ತಕಗಳಲ್ಲಿ ಇದ್ದರೂ ಚಾರಣಕ್ಕೆ ಹೋಗುವವರು ಗಮನಿಸುವುದಿಲ್ಲ. ಆಗ ತಾನೇ ಬಿಚ್ಚಿಕೊಳ್ಳುತ್ತಿರುವ ಎಳೆ ಎಲೆಯ ಅಂಚು ಯಾವ ಕಡೆಗೆ ಸುರುಳಿಯಾಗಿದೆ ನೋಡು. ಹಿಮಾಲಯದ ಬಹುತೇಕ ಪ್ರಿಮುಲಾಗಳಲ್ಲಿ ಅಂಚು ಹಿಂದಕ್ಕೆ, ಬೆನ್ನಿನ ಕಡೆಗೆ ಸುರುಳಿ. ಆಲ್ಪ್ಸ್‌ನ ಆರಿಕ್ಯುಲಾ ಗುಂಪಿನಲ್ಲೂ ಮೇಲೆ ಹೇಳಿದ ರಾಕಿ ಪರ್ವತದ ಪ್ಯಾರಿಯೈಯಲ್ಲೂ ಮುಂದಕ್ಕೆ, ಒಳಗೆ ಸುರುಳಿ. ಆ್ಯಪ್ ಹೇಳಿದ ಹೆಸರನ್ನು ಒಂದು ನಿಮಿಷದಲ್ಲಿ ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಈಗ ಒಂದು ಎಚ್ಚರಿಕೆ. ಒಂದೇ ಜೌಗಿನಲ್ಲಿ, ಒಂದೇ ಬಣ್ಣದ ಹತ್ತಾರು ಗಿಡಗಳ ಹೂವಿನೊಳಗೆ ಭೂತಗನ್ನಡಿ ಹಿಡಿದು ನೋಡಿದರೆ ಎರಡು ಬಗೆ ಕಾಣುತ್ತದೆ. ಕೆಲವು ಗಿಡಗಳ ಹೂವಿನ ಬಾಯಲ್ಲಿ ಗುಂಡುಸೂಜಿಯ ತಲೆಯಂತೆ ಶಲಾಕೆಯ ತುದಿ ಇರುತ್ತದೆ, ಕೇಸರಗಳು ಕೊಳವೆಯ ಒಳಗೆ ಕೆಳಗಿರುತ್ತವೆ. ಪಕ್ಕದ ಗಿಡದಲ್ಲಿ ಇದು ತಿರುವುಮುರುವು: ಬಾಯಲ್ಲಿ ಐದು ಕೇಸರ, ಶಲಾಕೆ ಕೆಳಗೆ ಅಡಗಿದೆ. ಎರಡು ಜಾತಿ ಸಿಕ್ಕಿತು ಎಂದು ಕುಣಿಯಬೇಡ. ಒಂದೇ ಜಾತಿಯ ಎರಡು ರೂಪ ಅವು. ಒಂದು ಗಿಡದಲ್ಲಿ ಒಂದೇ ರೂಪ ಇರುತ್ತದೆ. ಇದರ ಮರ್ಮವನ್ನು ಬಿಡಿಸಿದವನು ಚಾರ್ಲ್ಸ್ ಡಾರ್ವಿನ್. ತನ್ನ ಊರಿನ ಪ್ರಿಮುಲಾಗಳ ಮೇಲೆ ಕೈಯಾರೆ ಪರಾಗಸ್ಪರ್ಶ ಮಾಡಿ, ಬೀಜ ಎಣಿಸಿ, 1862ರಲ್ಲಿ ಪ್ರಕಟಿಸಿದ. ಒಂದು ರೂಪದ ಪರಾಗ ಇನ್ನೊಂದು ರೂಪಕ್ಕೆ ಬಿದ್ದಾಗ ಬೀಜ ಚೆನ್ನಾಗಿ ಕಟ್ಟುತ್ತದೆ, ತನ್ನದೇ ರೂಪಕ್ಕೆ ಬಿದ್ದರೆ ಕಡಿಮೆ. ಕೀಟದ ಮೈಯ ಒಂದು ಭಾಗಕ್ಕೆ ಅಂಟಿದ ಪರಾಗ ಇನ್ನೊಂದು ರೂಪದ ಹೂವಿನಲ್ಲಿ ಸರಿಯಾಗಿ ಅದೇ ಎತ್ತರದಲ್ಲಿರುವ ಶಲಾಕೆಗೆ ತಾಗುವಂಥ ಏರ್ಪಾಡು. ನಾನು ಮೇಷ್ಟ್ರಾಗಿದ್ದಾಗ ಈ ಪಾಠವನ್ನು ಹಲಗೆಯ ಮೇಲೆ ಚಿತ್ರ ಬರೆದೇ ಮಾಡಬೇಕಿತ್ತು. ನಿನಗೆ ಎದುರಿಗೇ ಸಿಗುತ್ತಿದೆ, ಬಿಡಬೇಡ. ಗುಂಪಿನಲ್ಲಿ ಯಾವ ರೂಪ ಎಷ್ಟಿವೆ ಎಂದು ಎಣಿಸಿ ನೋಡು. ಹೆಚ್ಚುಕಡಿಮೆ ಅರ್ಧ ಅರ್ಧ ಇರುವುದು ಸಾಮಾನ್ಯ.

ಜೌಗಿನಲ್ಲಿ ನಡೆಯುವ ರೀತಿ ಹೇಳಬೇಕು. ಅಲ್ಲಿನ ಕಪ್ಪು ಮಣ್ಣು ಸತ್ತ ಹುಲ್ಲು ಪಾಚಿ ಚಳಿಗೆ ಕೊಳೆಯದೆ ಪದರ ಪದರವಾಗಿ ಸೇರಿದ್ದು. ನೀನು ಊರಿದ ಒಂದು ಹೆಜ್ಜೆಯ ಗುಂಡಿಯಲ್ಲಿ ನೀರು ಹರಿಯುವ ದಾರಿಯೇ ಬದಲಾಗಬಹುದು. ಹತ್ತು ಜನ ಒಂದೇ ಹೂವಿನ ಫೋಟೊಗೆ ನುಗ್ಗಿದರೆ ಆ ಗುಂಪು ಮುಂದಿನ ವರ್ಷಕ್ಕಿರುವುದಿಲ್ಲ. ಕಲ್ಲಿನ ಮೇಲೆ ಕಾಲಿಡು, ಕಲ್ಲಿಲ್ಲದಿದ್ದರೆ ದಾರಿಯಲ್ಲೇ ನಿಲ್ಲು. ದಾರಿಯ ಪಕ್ಕದ ಗಿಡದಲ್ಲೇ ನೋಡುವಷ್ಟು ಇರುತ್ತದೆ. ಹೂಗಳ ಕಣಿವೆ 1982ರಿಂದ ರಾಷ್ಟ್ರೀಯ ಉದ್ಯಾನ, 2005ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಒಂದು ಎಲೆ ಕೀಳುವುದಕ್ಕೂ ನಿನಗೆ ಹಕ್ಕಿಲ್ಲ. ಎಲೆಯ ಬೆನ್ನು ನೋಡುವುದೆಂದರೆ ಬೆರಳ ತುದಿಯಿಂದ ಅಂಚು ಎತ್ತಿ ನೋಡಿ ಹಾಗೇ ಬಿಡುವುದು. ಪುಟ್ಟ ಕನ್ನಡಿಯೊಂದನ್ನು ಎಲೆಯಡಿ ತೂರಿಸಿದರೆ ಮುಟ್ಟುವ ಅಗತ್ಯವೂ ಇಲ್ಲ, ಹಿಟ್ಟೂ ಅಳಿಸುವುದಿಲ್ಲ. ಮನೆಗೆ ಒಂದು ಬುಡ ತರುತ್ತೇನೆ ಎಂಬ ಯೋಚನೆ ಬಂದಿದ್ದರೆ ಬಿಟ್ಟುಬಿಡು. ಚಳಿಗಾಲ ಪೂರ್ತಿ ಹಿಮದಡಿ ಮಲಗಿ ಏಳುವ ಗಿಡ ಬೆಂಗಳೂರಿನ ಬಾಲ್ಕನಿಯಲ್ಲಿ ಒಂದು ಬೇಸಿಗೆ ಕಾಣುವುದಿಲ್ಲ. ಪ್ರಿಮುಲಾ ಬೇಕೇ ಬೇಕೆಂದರೆ ನರ್ಸರಿಯ ಕುಂಡದ್ದು ತಂದುಕೋ. ಅದರಲ್ಲೂ ಒಬ್ಕೋನಿಕಾ ಎಂಬ ಚೀನಾದ ಜಾತಿಯ ರೋಮಕ್ಕೆ ಕೆಲವರಿಗೆ ಚರ್ಮ ಕೆರೆದು ಗುಳ್ಳೆ ಏಳುವುದುಂಟು, ಮುಟ್ಟಿದ ಮೇಲೆ ಕೈ ತೊಳೆದುಕೋ.

ಮಂಡಿಯೂರಿ ಕೂತವಳು ಒಮ್ಮೆಲೇ ಎದ್ದು ನಿಲ್ಲಬೇಡ. ಆ ಎತ್ತರದಲ್ಲಿ ಕಣ್ಣು ಕತ್ತಲೆ ಬರುತ್ತದೆ. ಕಣಿವೆಗೆ ಹೋಗುವ ದಾರಿಯ ಘಾಂಘರಿಯಾದಲ್ಲಿ ಒಂದು ರಾತ್ರಿ ಹೆಚ್ಚು ಉಳಿದರೆ ನಷ್ಟವೇನಿಲ್ಲ. ಕೂರಲು ಒಂದು ಪ್ಲಾಸ್ಟಿಕ್ ಹಾಳೆ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಪೆನ್ಸಿಲ್ಲು, ಸಣ್ಣ ಅಳತೆಪಟ್ಟಿ ಇಟ್ಟುಕೋ. ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ, ಪೆನ್ಸಿಲ್ಲಿನದು ನಿಲ್ಲುತ್ತದೆ. ಪುಸ್ತಕ ಕೇಳಿದ್ದೆಯಲ್ಲ: ಒಲೆಗ್ ಪೊಲುನಿನ್ ಮತ್ತು ಆಡಂ ಸ್ಟೇನ್ಟನ್ ಬರೆದ ‘ಫ್ಲವರ್ಸ್ ಆಫ್ ದಿ ಹಿಮಾಲಯ’, 1984ರದ್ದು. ಹೆಸರುಗಳು ಕೆಲವು ಹಳತಾಗಿವೆ, ವಿವರಣೆ ಹಳತಾಗಿಲ್ಲ. ದಪ್ಪ ಪುಸ್ತಕ, ಬೆನ್ನಿಗೆ ಹೊರೆ. ಪ್ರಿಮುಲಾ ಭಾಗದ ಪುಟಗಳನ್ನಷ್ಟೇ ಫೋನಿಗೆ ಹಾಕಿಕೊಂಡು ಹೋಗು. ಫ್ರಾಂಕ್ ಸ್ಮೈಥ್ 1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುವಾಗ ಆ ಕಣಿವೆಗೆ ಬಂದು, 1937ರಲ್ಲಿ ಗಿಡಗಳಿಗಾಗಿಯೇ ಮರಳಿ ಹೋಗಿ ಬರೆದ ಪುಸ್ತಕವೂ ಇದೆ. ಅದನ್ನು ಹೋಗುವ ಮೊದಲು ಮನೆಯಲ್ಲಿ ಓದು, ದಾರಿಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಹೆಸರು ಹೇಳುವ ವಿಷಯದಲ್ಲಿ ಒಂದು ಮಾತು. ಗುಂಪಿನಲ್ಲಿ ಎಲ್ಲರೂ ನಿನ್ನ ಬಾಯಿ ನೋಡುತ್ತಿರುತ್ತಾರೆ, ಏನಾದರೂ ಹೆಸರು ಹೇಳಿಬಿಡುವ ಆಸೆಯಾಗುತ್ತದೆ. ಗುರುತುಗಳು ಕೂಡಿ ಬರದಿದ್ದರೆ "ಇದು ಪ್ರಿಮುಲಾ, ಯಾವ ಜಾತಿ ಎಂದು ನೋಡಬೇಕು" ಎಂದು ಹೇಳಿ ನಿಲ್ಲಿಸು. ಹಿಮಾಲಯದಲ್ಲಿ ವರ್ಷಗಟ್ಟಲೆ ತಿರುಗಿದ ಸಸ್ಯವಿಜ್ಞಾನಿಗಳೂ ಹಾಗೇ ನಿಲ್ಲಿಸುತ್ತಾರೆ. ಕುಲದ ಹೆಸರು ಸರಿಯಾಗಿ ಹೇಳಿದವಳು, ಜಾತಿಯ ಹೆಸರು ತಪ್ಪಾಗಿ ಹೇಳಿದವಳಿಗಿಂತ ಮೇಲು. ತಪ್ಪು ಹೆಸರು ಇಂಟರ್‌ನೆಟ್ಟಿಗೆ ಹತ್ತಿದರೆ ಅದನ್ನು ಇಳಿಸುವುದು ಕಷ್ಟ. ನಾಳೆ ಆ್ಯಪ್ ಕಲಿಯುವುದೂ ಅದರಿಂದಲೇ.

ಫೋಟೊ ತೆಗೆಯುವಾಗ ಒಂದು ಗಿಡಕ್ಕೆ ಆರು ಚಿತ್ರ ಇರಲಿ: ಸುತ್ತಲಿನ ನೀರು ನೆಲ ಕಾಣುವ ಹಾಗೆ ದೂರದಿಂದ ಒಂದು, ಇಡೀ ಗಿಡ ಒಂದು, ಎಲೆಯ ಬೆನ್ನು ಒಂದು, ಬಟ್ಟಲು ಪಕ್ಕದಿಂದ ಒಂದು, ಗೊಂಚಲಿನ ಬುಡ ಒಂದು, ಹೂವಿನ ಮುಖ ಒಂದು. ಅಳತೆಪಟ್ಟಿ ಯಾವುದಾದರೂ ಒಂದರಲ್ಲಿರಲಿ. ಫೋನಿನ ಎತ್ತರದ ಲೆಕ್ಕ ಮೀಟರಿನಲ್ಲಿ ಬರೆದುಕೋ. ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವುದಾದರೆ ಆರನ್ನೂ ಒಟ್ಟಿಗೆ ಹಾಕು, ಅಲ್ಲಿ ತಿಳಿದವರು ತಿದ್ದುತ್ತಾರೆ. ನನಗೆ ಕಳಿಸುವುದಾದರೆ ತಾರೀಕು, ಎತ್ತರ, ನೀರಿನ ಬಗೆ ಮೂರನ್ನೂ ಬರೆದು ಕಳಿಸು. ಹೂವಿನ ಮುಖ ಮಾತ್ರ ಕಳಿಸಿ "ಮಾವ ಇದ್ಯಾವುದು" ಎಂದರೆ ಚೆನ್ನಾಗಿದೆ ಎಂದಷ್ಟೇ ಉತ್ತರ ಬರುತ್ತದೆ.